ಹಳೆಯ ಲ್ಯಾಪ್‌ಟಾಪ್ ಕೈಬದಲಾಗುವ ಮುನ್ನ: ರಿಕವರಿ ಡಿಸ್ಕ್ ಇಲ್ಲದೆ ಫ್ಯಾಕ್ಟರಿ ಸೆಟ್ಟಿಂಗ್



ಜೂನ್ ತಿಂಗಳು ಬಂತೆಂದರೆ ನಮ್ಮ ಬನಿಯಾಸ್ ಕಡೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಥರದ ಸಂದೇಶಗಳು. ಸೋಫಾ ಇದೆ, ಫ್ರಿಜ್ ಇದೆ, ಮಕ್ಕಳ ಸೈಕಲ್ ಇದೆ, ಜೊತೆಗೆ ‘ಹಳೆಯ ಲ್ಯಾಪ್‌ಟಾಪ್, ವರ್ಕಿಂಗ್ ಕಂಡೀಷನ್’. ಶಾಲೆಗೆ ರಜೆ ಸಿಕ್ಕಿ ಊರಿಗೆ ಹೊರಟವರು, ಕೆಲಸ ಬದಲಾಗಿ ಬೇರೆ ಎಮಿರೇಟಿಗೆ ಹೋಗುವವರು, ಗಲ್ಫ್ ಬಿಟ್ಟು ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೊರಟವರು, ಎಲ್ಲರೂ ಸಾಮಾನು ಖಾಲಿ ಮಾಡುವ ಕಾಲ ಇದು. ಸೋಫಾ ಕೊಟ್ಟರೆ ಸೋಫಾ ಮಾತ್ರ ಹೋಗುತ್ತದೆ. ಲ್ಯಾಪ್‌ಟಾಪ್ ಕೊಟ್ಟರೆ ಅದರ ಜೊತೆ ಹತ್ತು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಪ್ಯಾನ್, ಆಧಾರ್, ಪಾಸ್‌ಪೋರ್ಟ್ ಪ್ರತಿ, ಡಿಮ್ಯಾಟ್ ಖಾತೆಯ ಕಾಗದ, ಕೆಲವೊಮ್ಮೆ ಊರಿನ ಸೈಟಿನ ಕ್ರಯಪತ್ರವೂ ಹೋಗುತ್ತದೆ.

ಈ ಬ್ಲಾಗಿನಲ್ಲಿ ನಾವು ಸಾಮಾನ್ಯವಾಗಿ ಎನ್‌ಆರ್‌ಇ, ಎನ್‌ಆರ್‌ಒ, ಮ್ಯೂಚುವಲ್ ಫಂಡ್, ತೆರಿಗೆ ಅಂತ ಮಾತಾಡುವವರು. ಇವತ್ತು ಲ್ಯಾಪ್‌ಟಾಪ್ ಫಾರ್ಮ್ಯಾಟ್ ಬಗ್ಗೆ ಯಾಕೆ ಅಂತ ಕೇಳಬಹುದು. ನಮ್ಮ ಹೂಡಿಕೆಯ ಬೀಗದ ಕೀಲಿಗಳೆಲ್ಲ ಇರುವುದು ಆ ಹಳೆಯ ಡಬ್ಬದಲ್ಲೇ, ಅದಕ್ಕೆ.

ಡಿಸ್ಕ್ ಎಲ್ಲಿ ಹೋಯಿತು?

ನನ್ನ ಪಕ್ಕದ ಕಟ್ಟಡದಲ್ಲಿ ಕುಂದಾಪುರ ಕಡೆಯ ಗೆಳೆಯರೊಬ್ಬರಿದ್ದಾರೆ. ಮುಸಫ್ಫಾದಲ್ಲಿ ಸೈಟ್ ಎಂಜಿನಿಯರ್. ಕೆನಡಾಕ್ಕೆ ಹೊರಟಿದ್ದಾರೆ, ನಡುವೆ ಒಂದು ತಿಂಗಳು ಊರಿನಲ್ಲಿ. ತಮ್ಮ 2013ರ ಲ್ಯಾಪ್‌ಟಾಪನ್ನು ಪಿಯುಸಿ ಮುಗಿಸಿದ ಅಕ್ಕನ ಮಗಳಿಗೆ ಕೊಡುವುದೋ, ಇಲ್ಲೇ ಮಾರುವುದೋ ಎಂಬ ಯೋಚನೆ ಅವರದ್ದು. ಒಬ್ಬರು 250 ದಿರ್ಹಂಗೆ ಕೇಳಿದ್ದರು.

‘ಇದ್ರ ಜೊತೆ ಸಿಡಿ ಗಿಡಿ ಏನೂ ಬಂದಿರ್ಲಿಲ್ಲ ಮಾರಾಯ್ರೇ. ಹೊಸತರ ಹಾಗೆ ಮಾಡುದು ಹೇಂಗೆ?’ ಎಂದು ಕೇಳಿದರು. ಒಂದು ರಿಪೇರಿ ಅಂಗಡಿಯಲ್ಲಿ ಫಾರ್ಮ್ಯಾಟಿಗೆ 150 ದಿರ್ಹಂ ಹೇಳಿ, ‘ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಅಂಟಿಸಿ ಬಿಟ್ಟು ಹೋಗಿ’ ಅಂದಿದ್ದರಂತೆ. ಆ ಮಾತೇ ಅವರಿಗೆ ಸರಿ ಬಂದಿರಲಿಲ್ಲ. ಸರಿ ಬರಬಾರದ್ದೇ.

ಹಳೆಯ ಕಾಲದಲ್ಲಿ ಕಂಪ್ಯೂಟರ್ ಜೊತೆ ರಿಕವರಿ ಸಿಡಿ ಬರುತ್ತಿತ್ತು. ಆಮೇಲೆ ಕಂಪನಿಗಳು ಆ ಖರ್ಚು ಉಳಿಸಲು, ಹಾರ್ಡ್ ಡಿಸ್ಕಿನಲ್ಲೇ ಒಂದು ಭಾಗ ಬೇರೆ ಮಾಡಿ, ಅದರೊಳಗೆ ವಿಂಡೋಸಿನ ಮೂಲ ಪ್ರತಿಯನ್ನು ಅಡಗಿಸಿಡಲು ಶುರು ಮಾಡಿದವು. ಅದಕ್ಕೆ ರಿಕವರಿ ಪಾರ್ಟಿಷನ್ ಎನ್ನುತ್ತಾರೆ. ‘ಡಿಸ್ಕ್ ಬೇಕಿದ್ದರೆ ನೀವೇ ಡಿವಿಡಿಗೆ ಬರೆದಿಟ್ಟುಕೊಳ್ಳಿ’ ಎಂದು ಮೊದಲ ದಿನ ಒಂದು ಸೂಚನೆ ಬರುತ್ತಿತ್ತು. ಅದನ್ನು ಮಾಡಿದವರು ಬಹಳ ಕಡಿಮೆ.

ವಿಂಡೋಸ್ 7ರ ಕಾಲದ ಯಂತ್ರವಾದರೆ ಪ್ರಾಡಕ್ಟ್ ಕೀ ಲ್ಯಾಪ್‌ಟಾಪಿನ ಹೊಟ್ಟೆಯ ಕೆಳಗೆ ಚೀಟಿಯಲ್ಲಿ ಅಂಟಿಸಿರುತ್ತಿತ್ತು. ವಿಂಡೋಸ್ 8ರಿಂದ ಆಚೆಗೆ ಕೀ ಮದರ್‌ಬೋರ್ಡಿನ ಚಿಪ್ಪಿನೊಳಗೇ ಇರುತ್ತದೆ. ಅಂದರೆ ಡಿಸ್ಕ್ ಇಲ್ಲ ಎಂದರೆ ಲೈಸೆನ್ಸ್ ಇಲ್ಲ ಎಂದು ಅರ್ಥವಲ್ಲ. ನೀವು ಕೊಟ್ಟ ಹಣದ ವಿಂಡೋಸ್ ನಿಮ್ಮ ಯಂತ್ರದಲ್ಲೇ ಇದೆ. ಅದಕ್ಕಾಗಿ ಮತ್ತೆ ಹಣ ಕೊಡಬೇಕಾಗಿಲ್ಲ, ಅಂಗಡಿಯವರು ಹಾಕಿಕೊಡುವ ‘ಕ್ರ್ಯಾಕ್’ ಪ್ರತಿಯಂತೂ ಬೇಡವೇ ಬೇಡ. ಕ್ರ್ಯಾಕ್ ಮಾಡುವ ತಂತ್ರಾಂಶದ ಜೊತೆ ಪಾಸ್‌ವರ್ಡ್ ಕದಿಯುವ ತಂತ್ರಾಂಶ ಒಳಬರುವುದು ಹಳೆಯ ಕಥೆ.

ಅಳಿಸಿದೆ ಅಂದರೆ ಅಳಿಸಿದ ಹಾಗಲ್ಲ

ರೀಸೈಕಲ್ ಬಿನ್ ಖಾಲಿ ಮಾಡಿದರೆ ಫೈಲು ಹೋಗುವುದಿಲ್ಲ. ಪುಸ್ತಕದ ಪರಿವಿಡಿಯಿಂದ ಅಧ್ಯಾಯದ ಹೆಸರು ಹರಿದ ಹಾಗೆ ಅಷ್ಟೇ, ಪುಟಗಳು ಒಳಗೇ ಇರುತ್ತವೆ. ‘ಕ್ವಿಕ್ ಫಾರ್ಮ್ಯಾಟ್’ ಕೂಡ ಪರಿವಿಡಿಯನ್ನು ಮಾತ್ರ ಹೊಸದಾಗಿ ಬರೆಯುತ್ತದೆ. ಪುಕ್ಕಟೆ ಸಿಗುವ ರಿಕವರಿ ತಂತ್ರಾಂಶ ಹಾಕಿದರೆ ಹಳೆಯ ಫೈಲುಗಳು ಎದ್ದು ಬರುತ್ತವೆ.

ಇದು ಬರೀ ಹೆದರಿಕೆಯ ಮಾತಲ್ಲ. ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು 158 ಸೆಕೆಂಡ್‌ಹ್ಯಾಂಡ್ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ನೋಡಿ 2003ರಲ್ಲಿ ವರದಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. ಉಳಿದವುಗಳಿಂದ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕಿದವು.

ಅದು ಹಳೆಯ ಮಾತು ಅನ್ನುವವರಿಗೆ ನಮ್ಮ ಹೂಡಿಕೆ ಲೋಕದ್ದೇ ಉದಾಹರಣೆ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷೇರು ನಿಯಂತ್ರಕ ಸಂಸ್ಥೆ ಎಸ್‌ಇಸಿ, ಮಾರ್ಗನ್ ಸ್ಟಾನ್ಲಿಯ ಸಂಪತ್ತು ನಿರ್ವಹಣಾ ವಿಭಾಗಕ್ಕೆ 3.5 ಕೋಟಿ ಡಾಲರ್ ದಂಡ ಹಾಕಿತು. ಡೇಟಾ ಅಳಿಸುವ ಅನುಭವವೇ ಇಲ್ಲದ ಸಾಮಾನು ಸಾಗಣೆ ಕಂಪನಿಗೆ ಹಳೆಯ ಹಾರ್ಡ್ ಡಿಸ್ಕ್, ಸರ್ವರುಗಳನ್ನು ಒಪ್ಪಿಸಲಾಗಿತ್ತು. ಅವುಗಳಲ್ಲಿ ಕೆಲವು ಗ್ರಾಹಕರ ಮಾಹಿತಿಯ ಸಮೇತ ಇಂಟರ್‌ನೆಟ್ ಹರಾಜಿನಲ್ಲಿ ಮರುಮಾರಾಟವಾದವು. ಸುಮಾರು 1.5 ಕೋಟಿ ಗ್ರಾಹಕರ ವಿವರಗಳ ರಕ್ಷಣೆ ಸರಿಯಾಗಿ ಆಗಲಿಲ್ಲ ಎಂಬುದು ಎಸ್‌ಇಸಿಯ ಆರೋಪ. ಇದಕ್ಕೂ ಮೊದಲು 2020ರಲ್ಲಿ ಇದೇ ಬಗೆಯ ಲೋಪಕ್ಕೆ ಬ್ಯಾಂಕ್ ನಿಯಂತ್ರಕರು 6 ಕೋಟಿ ಡಾಲರ್ ದಂಡ ಹಾಕಿದ್ದರು. ಕಾನೂನು ವಿಭಾಗ, ಐಟಿ ವಿಭಾಗ ಎಲ್ಲ ಇರುವ ಸಂಸ್ಥೆಯ ಕಥೆಯೇ ಹೀಗಿರುವಾಗ, ಎರಡು ಸೂಟ್‌ಕೇಸ್ ತುಂಬುವ ಗಡಿಬಿಡಿಯಲ್ಲಿರುವ ನಾವು ಎಷ್ಟು ಎಚ್ಚರ ಇರಬೇಕು ಯೋಚಿಸಿ.

ಇನ್ನೊಂದು ವಿಷಯ. ‘ನನ್ನ ಪಿಡಿಎಫ್‌ಗೆಲ್ಲ ಪಾಸ್‌ವರ್ಡ್ ಇದೆ’ ಎನ್ನುವವರಿದ್ದಾರೆ. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಆದಾಯ ತೆರಿಗೆ ಇಲಾಖೆಯ ಎಐಎಸ್ ಪಿಡಿಎಫ್‌ಗೆ ಪ್ಯಾನ್ ಮತ್ತು ಹುಟ್ಟಿದ ದಿನಾಂಕ. ಅದೇ ಫೋಲ್ಡರಿನಲ್ಲಿ ನಿಮ್ಮ ಪಾಸ್‌ಪೋರ್ಟ್ ಪ್ರತಿಯೂ ಪ್ಯಾನ್ ಪ್ರತಿಯೂ ಇದ್ದರೆ ಪಾಸ್‌ವರ್ಡ್ ಇದ್ದೂ ಇಲ್ಲದ ಹಾಗೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ಮೊಳೆಗೆ ನೇತುಹಾಕಿದಂತೆ.

ಮೊದಲ ಕೆಲಸ: ಮತ್ತೆ ಸಿಗುವುದು ಯಾವುದು, ಸಿಗದೇ ಇರುವುದು ಯಾವುದು

ಅಳಿಸುವ ಗುಂಡಿ ಒತ್ತುವ ಮೊದಲು ಒಂದು ಸಂಜೆ ಇದಕ್ಕೆ ಕೊಡಿ. ಫೈಲುಗಳನ್ನು ಎರಡು ಗುಂಪು ಮಾಡಿ.

ಮತ್ತೆ ಸಿಗುವಂಥವು: ಪ್ಯಾನ್, ಆಧಾರ್ (ಡಿಜಿಲಾಕರ್‌ನಲ್ಲಿ ಸಿಗುತ್ತದೆ), ಸಲ್ಲಿಸಿದ ತೆರಿಗೆ ರಿಟರ್ನ್ (ಇ-ಫೈಲಿಂಗ್ ಪೋರ್ಟಲಿನಲ್ಲಿದೆ), ಮ್ಯೂಚುವಲ್ ಫಂಡಿನ ಒಟ್ಟು ಸ್ಟೇಟ್‌ಮೆಂಟ್ (ಕ್ಯಾಮ್ಸ್, ಕೆಫಿನ್‌ಟೆಕ್‌ನಿಂದ ಇಮೇಲಿಗೆ ತರಿಸಿಕೊಳ್ಳಬಹುದು), ಡಿಮ್ಯಾಟ್ ಹೋಲ್ಡಿಂಗ್. ಇವುಗಳ ಪ್ರತಿ ಇದ್ದರೆ ಒಳ್ಳೆಯದು, ಹೋದರೂ ತಲೆ ಮೇಲೆ ಕೈಹೊತ್ತು ಕೂರಬೇಕಾಗಿಲ್ಲ.

ಮತ್ತೆ ಸಿಗುವುದು ಕಷ್ಟವಾದವು: ಹತ್ತು ಹನ್ನೆರಡು ವರ್ಷ ಹಿಂದಿನ ಬ್ಯಾಂಕ್ ಸ್ಟೇಟ್‌ಮೆಂಟ್, ಮುಚ್ಚಿದ ಖಾತೆಗಳ ವಿವರ, ಎಕ್ಸ್‌ಚೇಂಜ್ ಮೂಲಕ ಹಣ ಕಳಿಸಿದ ರಸೀದಿ, ಹಳೆಯ ಷೇರು ಕಾಂಟ್ರ್ಯಾಕ್ಟ್ ನೋಟ್, ಬಿಟ್ಟುಬಂದ ಕಂಪನಿಯ ಸಂಬಳದ ಚೀಟಿ, ಮನೆ ಕೊಂಡಾಗಿನ ಪಾವತಿಗಳ ದಾಖಲೆ.

ಈ ಎರಡನೆಯ ಗುಂಪಿನಲ್ಲಿ ನಿಜವಾದ ದುಡ್ಡಿದೆ. ನನ್ನ ಕುಂದಾಪುರದ ಗೆಳೆಯರದ್ದೇ ನೋಡಿ. 2014ರಲ್ಲಿ ಮಂಗಳೂರಿನಲ್ಲಿ ಒಂದು ಫ್ಲ್ಯಾಟ್ ಕೊಂಡರು, ಎನ್‌ಆರ್‌ಇ ಖಾತೆಯಿಂದ ಕಂತು ಕಂತಾಗಿ ಕಟ್ಟಿ. ನಾಳೆ ಆ ಫ್ಲ್ಯಾಟ್ ಮಾರಿ ಹಣವನ್ನು ಕೆನಡಾಕ್ಕೆ ಒಯ್ಯಬೇಕು ಎಂದರೆ ಫೆಮಾ ನಿಯಮ ಏನು ಹೇಳುತ್ತದೆ? ಕೊಳ್ಳುವಾಗ ವಿದೇಶದಿಂದ ಬಂದ ಹಣ ಅಥವಾ ಎನ್‌ಆರ್‌ಇ, ಎಫ್‌ಸಿಎನ್‌ಆರ್ ಖಾತೆಯಿಂದ ಕಟ್ಟಿದ್ದರೆ, ಹಾಗೆ ಕಟ್ಟಿದ ಮೊತ್ತದಷ್ಟನ್ನು ಹೊರಗೆ ಒಯ್ಯಬಹುದು. ವಾಸದ ಮನೆಯಾದರೆ ಈ ಸೌಲಭ್ಯ ಎರಡು ಆಸ್ತಿಗೆ ಮಾತ್ರ. ಉಳಿದದ್ದು ಎನ್‌ಆರ್‌ಒ ಖಾತೆಗೆ ಹೋಗಿ, ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯಲ್ಲಿ ಹೊರಡಬೇಕು. ಎರಡೂ ದಾರಿಯಲ್ಲಿ ಬ್ಯಾಂಕಿನವರು ಕೇಳುವುದು ಕಾಗದ. ‘ಎನ್‌ಆರ್‌ಇಯಿಂದಲೇ ಕಟ್ಟಿದ್ದು’ ಎಂದು ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಆ ಕಂತುಗಳ ಸ್ಟೇಟ್‌ಮೆಂಟ್ ತೋರಿಸಬೇಕು. ಅವರ ಆ ಸ್ಟೇಟ್‌ಮೆಂಟುಗಳು ಇದ್ದದ್ದು ಈ ಲ್ಯಾಪ್‌ಟಾಪಿನ ಡಿ ಡ್ರೈವಿನಲ್ಲಿ ಮಾತ್ರ, ‘ಮಿಸ್ಕ್ 2’ ಎಂಬ ಹೆಸರಿನ ಫೋಲ್ಡರಿನೊಳಗೆ! 250 ದಿರ್ಹಂಗೆ ಕೊಟ್ಟಿದ್ದರೆ ಹೋಗುತ್ತಿದ್ದದ್ದು ಅದು.

ಷೇರು, ಈಕ್ವಿಟಿ ಫಂಡ್ ಇಟ್ಟುಕೊಂಡವರೂ ಗಮನಿಸಿ. 2018ರ ಜನವರಿ 31ಕ್ಕೆ ಮುಂಚೆ ಕೊಂಡದ್ದಕ್ಕೆ ಲಾಭದ ಲೆಕ್ಕದಲ್ಲಿ ರಿಯಾಯಿತಿ ಇದೆ. ಕೊಂಡ ದಿನ, ಕೊಂಡ ಬೆಲೆಯ ದಾಖಲೆ ಇದ್ದರೆ ಲೆಕ್ಕ ಸುಲಭ.

ಫೈಲುಗಳಲ್ಲದೆ ಇನ್ನೂ ಕೆಲವನ್ನು ಮರೆಯಬೇಡಿ:

• ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು. ಪಾಸ್‌ವರ್ಡ್ ಮ್ಯಾನೇಜರಿಗೆ ಸಾಗಿಸಿ.
• ವಿಂಡೋಸ್ ಹಲೋದಲ್ಲಿ ಮಾಡಿಟ್ಟ ಪಾಸ್‌ಕೀ. ಅದು ಆ ಯಂತ್ರಕ್ಕೇ ಕಟ್ಟಿಕೊಂಡಿರಬಹುದು. ಹೊಸ ಯಂತ್ರದಲ್ಲಿ ಅಥವಾ ಫೋನಿನಲ್ಲಿ ಇನ್ನೊಂದು ಮಾಡಿಕೊಂಡು, ಲಾಗಿನ್ ಆಗುತ್ತದೆ ಎಂದು ನೋಡಿದ ಮೇಲೆ ಮುಂದುವರಿಯಿರಿ.
• ಔಟ್‌ಲುಕ್ ತಂತ್ರಾಂಶದಲ್ಲಿ ಇಳಿಸಿಕೊಂಡ ಹಳೆಯ ಮೇಲ್‌ಗಳು. ಅವು ಸರ್ವರಿನಲ್ಲಿ ಇಲ್ಲದೇ ಇರಬಹುದು.
• ಟ್ಯಾಲಿ ಡೇಟಾ ಫೋಲ್ಡರ್, ಹೂಡಿಕೆಯ ಎಕ್ಸೆಲ್ ಹಾಳೆಗಳು.
• ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರ್. ನಮ್ಮ ಅರ್ಧ ಬದುಕು ಅಲ್ಲೇ ಇರುತ್ತದೆ.

ಎರಡು ಪ್ರತಿ ಮಾಡಿ: ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ, ಇನ್ನೊಂದು ಕ್ಲೌಡಿಗೆ. ಮುಗಿದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ಆ ಡಿಸ್ಕ್ ಚುಚ್ಚಿ ನಾಲ್ಕೈದು ಫೈಲು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕ ಹಿಡಿಯಬೇಡಿ. ಆಮೇಲೆ ಆ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬಿಚ್ಚಿ ಬೇರೆ ಕೋಣೆಯಲ್ಲಿಡಿ. ‘ಎಲ್ಲ ಡ್ರೈವ್ ಅಳಿಸಲೇ?’ ಎಂದು ವಿಂಡೋಸ್ ಕೇಳುವ ಹೊತ್ತಿಗೆ ಅದು ಹತ್ತಿರ ಇರಬಾರದು.

ಮೊದಲ ದಾರಿ: ವಿಂಡೋಸ್ 10ರ ಒಳಗಿನ ರೀಸೆಟ್

ಲ್ಯಾಪ್‌ಟಾಪ್ ಆನ್ ಆಗಿ ವಿಂಡೋಸ್ 10 ತೆರೆದುಕೊಳ್ಳುತ್ತಿದ್ದರೆ ಇದೇ ಸುಲಭದ ದಾರಿ. ಇದಕ್ಕೆ ಡಿಸ್ಕೂ ಬೇಡ, ಕಂಪನಿಯ ರಿಕವರಿ ಪಾರ್ಟಿಷನ್ನೂ ಬೇಡ. ವಿಂಡೋಸ್ 10 ತನ್ನದೇ ಸಿಸ್ಟಮ್ ಫೈಲುಗಳಿಂದ ತನ್ನನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ.

ಮೊದಲು ‘ಸೆಟ್ಟಿಂಗ್ಸ್’ನಲ್ಲಿ ‘ಅಪ್‌ಡೇಟ್ ಅಂಡ್ ಸೆಕ್ಯುರಿಟಿ’ ತೆರೆದು ‘ಆ್ಯಕ್ಟಿವೇಷನ್’ ನೋಡಿ. ಡಿಜಿಟಲ್ ಲೈಸೆನ್ಸ್ ಇದೆ ಎಂದು ತೋರಿಸಿದರೆ ಸಾಕು, ಕೀ ಹುಡುಕುವ ಕೆಲಸ ಇಲ್ಲ. ಅದೇ ಪುಟದ ‘ರಿಕವರಿ’ಗೆ ಹೋಗಿ ‘ರೀಸೆಟ್ ದಿಸ್ ಪಿಸಿ’ ಒತ್ತಿ. ಚಾರ್ಜರ್ ಹಾಕಿರಲಿ.

‘ಕೀಪ್ ಮೈ ಫೈಲ್ಸ್’, ‘ರಿಮೂವ್ ಎವ್ರಿಥಿಂಗ್’ ಎಂದು ಎರಡು ಆಯ್ಕೆ ಬರುತ್ತದೆ. ಯಂತ್ರ ಬೇರೆಯವರಿಗೆ ಹೋಗುವುದಾದರೆ ಎರಡನೆಯದು. ಮುಂದೆ ‘ಕ್ಲೌಡ್ ಡೌನ್‌ಲೋಡ್’ ಅಥವಾ ‘ಲೋಕಲ್ ರೀಇನ್‌ಸ್ಟಾಲ್’ ಎಂದು ಕೇಳುತ್ತದೆ. 2020ರ ಮೇ ತಿಂಗಳ ಆವೃತ್ತಿಯಿಂದ ಈಚೆಗೆ ಬಂದ ಸೌಲಭ್ಯ ಇದು. ವಿಂಡೋಸ್ ಫೈಲುಗಳೇ ಕೆಟ್ಟಿವೆ ಎಂಬ ಅನುಮಾನ ಇದ್ದರೆ ಕ್ಲೌಡ್ ಒಳ್ಳೆಯದು, ಸುಮಾರು 4 ಜಿಬಿ ಇಳಿಸಿಕೊಳ್ಳುತ್ತದೆ. ಮೊಬೈಲ್ ಡೇಟಾದಲ್ಲಿ ಮಾಡಬೇಡಿ.

ಆಮೇಲೆ ಬರುವ ‘ಚೇಂಜ್ ಸೆಟ್ಟಿಂಗ್ಸ್’ ಎಂಬ ಚಿಕ್ಕ ಅಕ್ಷರದ ಕೊಂಡಿಯನ್ನು ಬಿಡಬೇಡಿ. ಅದರೊಳಗೆ ‘ಕ್ಲೀನ್ ಡೇಟಾ’ ಎಂಬ ಗುಂಡಿ ಇದೆ. ಅದನ್ನು ಆನ್ ಮಾಡಿದರೆ ಮಾತ್ರ ಹಳೆಯ ಜಾಗದ ಮೇಲೆ ಹೊಸದಾಗಿ ಬರೆಯುತ್ತದೆ, ಇಲ್ಲವಾದರೆ ಮೇಲೆ ಹೇಳಿದ ಪರಿವಿಡಿ ಹರಿಯುವ ಕೆಲಸ ಅಷ್ಟೇ. ಡಿ ಡ್ರೈವ್ ಇದ್ದರೆ ‘ಎಲ್ಲ ಡ್ರೈವ್’ ಎಂಬುದನ್ನೂ ಆರಿಸಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇದು ಹಲವು ಗಂಟೆ ತೆಗೆದುಕೊಳ್ಳುತ್ತದೆ. ರಾತ್ರಿ ಹಚ್ಚಿ ಮಲಗಿ.

ಪಾಸ್‌ವರ್ಡ್ ಮರೆತು ಒಳಗೇ ಹೋಗಲಾಗದವರು ಲಾಗಿನ್ ಪರದೆಯಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ‘ರೀಸ್ಟಾರ್ಟ್’ ಕೊಡಿ. ನೀಲಿ ಪರದೆಯಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ಅದೇ ರೀಸೆಟ್ ಸಿಗುತ್ತದೆ. ಡಿಸ್ಕ್ ಬಿಟ್‌ಲಾಕರ್‌ನಿಂದ ಗೂಢಲಿಪಿಯಲ್ಲಿದ್ದರೆ 48 ಅಂಕಿಯ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಎರಡನೆಯ ದಾರಿ: ಕಂಪನಿಯ ಅಡಗಿಸಿಟ್ಟ ಪ್ರತಿ

ವಿಂಡೋಸ್ ತೆರೆಯುವುದೇ ಇಲ್ಲ, ಅಥವಾ ಯಂತ್ರ ವಿಂಡೋಸ್ 7, 8ರದ್ದು ಎಂದಾದರೆ ರಿಕವರಿ ಪಾರ್ಟಿಷನ್ನಿನ ಬಾಗಿಲು ತಟ್ಟಬೇಕು. ಆನ್ ಮಾಡಿದ ಕೂಡಲೇ ಒಂದು ಕೀಯನ್ನು ಒತ್ತುತ್ತಲೇ ಇರಬೇಕು. ಎಚ್‌ಪಿಗೆ ಎಫ್11. ಏಸರ್‌ಗೆ ಆಲ್ಟ್ ಮತ್ತು ಎಫ್10 ಒಟ್ಟಿಗೆ. ಏಸಸ್‌ಗೆ ಎಫ್9. ತೋಷಿಬಾದಲ್ಲಿ ಸೊನ್ನೆ ಒತ್ತಿ ಹಿಡಿದು ಆನ್ ಮಾಡಬೇಕು. ಸ್ಯಾಮ್‌ಸಂಗ್‌ಗೆ ಎಫ್4. ಸೋನಿ ವಾಯೊಗೆ ಎಫ್10 ಅಥವಾ ‘ಅಸಿಸ್ಟ್’ ಗುಂಡಿ. ಲೆನೊವೊದ ಹಲವು ಮಾದರಿಗಳಲ್ಲಿ ಬದಿಯಲ್ಲಿ ‘ನೊವೊ’ ಎಂಬ ಪುಟ್ಟ ಗುಂಡಿ ಇರುತ್ತದೆ. ವಿಂಡೋಸ್ 7ರ ಡೆಲ್‌ನಲ್ಲಿ ಎಫ್8 ಒತ್ತಿ ‘ರಿಪೇರ್ ಯುವರ್ ಕಂಪ್ಯೂಟರ್’ಗೆ ಹೋಗಬೇಕು. ಮಾದರಿಗೆ ತಕ್ಕ ಹಾಗೆ ಸ್ವಲ್ಪ ವ್ಯತ್ಯಾಸ ಇರುವುದುಂಟು.

ಆ ಪ್ರತಿ ಇನ್ನೂ ಇದೆಯೋ ಎಂದು ತಿಳಿಯಲು ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ನೋಡಿ. ಹತ್ತಿಪ್ಪತ್ತು ಜಿಬಿಯ ರಿಕವರಿ ಭಾಗ ಕಂಡರೆ ಇರುವ ಸಂಭವ ಹೆಚ್ಚು. ಬರೀ 500 ಎಂಬಿ ಆಸುಪಾಸಿನದ್ದಾದರೆ ಅದು ರಿಪೇರಿಯ ಸಲಕರಣೆ ಮಾತ್ರ, ಮೂಲ ಪ್ರತಿಯಲ್ಲ. ವಿಂಡೋಸ್ 10ಕ್ಕೆ ಏರಿಸಿದ ಯಂತ್ರಗಳಲ್ಲಿ ಹಳೆಯ ಕೀ ಕೆಲಸ ಮಾಡದೇ ಇರುವುದೂ ಉಂಟು.

ಆದರೆ ಈ ದಾರಿಯಲ್ಲಿ ಒಂದು ಮಾತು ನೆನಪಿಡಿ. ‘ಫ್ಯಾಕ್ಟರಿ ಸೆಟ್ಟಿಂಗ್’ ಎಂದರೆ ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿ. ಗೆಳೆಯರ 2013ರ ಯಂತ್ರಕ್ಕೆ ಅದು ವಿಂಡೋಸ್ 8, ಜೊತೆಗೆ ಅವಧಿ ಮುಗಿದ ಟ್ರಯಲ್ ಆ್ಯಂಟಿವೈರಸ್. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ, 8.1ರದ್ದು 2023ರ ಜನವರಿ 10ಕ್ಕೆ ಮುಗಿದಿದೆ. ಅಂಥ ಯಂತ್ರವನ್ನು ಹುಡುಗಿಯ ಕೈಗೆ ಕೊಟ್ಟು ‘ಇದರಲ್ಲೇ ಫೀಸು ಕಟ್ಟು’ ಅನ್ನುವುದು ಸರಿಯಲ್ಲ. ನಮಗೆ ಬೇಕಾದದ್ದು ಸ್ವಚ್ಛವಾದ, ಲೈಸೆನ್ಸ್ ಇರುವ, ಇವತ್ತಿಗೂ ಭದ್ರತಾ ಅಪ್‌ಡೇಟ್ ಸಿಗುವ ಯಂತ್ರ. ಕಾರ್ಖಾನೆಯ ದಿನಕ್ಕೇ ಮರಳಬೇಕೆಂದೇನಿಲ್ಲ.

ಮೂರನೆಯ ದಾರಿ: ಪೆನ್‌ಡ್ರೈವ್

8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಅಧಿಕೃತ ತಾಣದಿಂದ ‘ಮೀಡಿಯಾ ಕ್ರಿಯೇಷನ್ ಟೂಲ್’ ಇಳಿಸಿ, ಅದರಿಂದ ಪೆನ್‌ಡ್ರೈವ್ ತಯಾರಿಸಿ. ಅದರಲ್ಲಿರುವ ಹಳೆಯದೆಲ್ಲ ಅಳಿಯುತ್ತದೆ, ನೆನಪಿರಲಿ. ಲ್ಯಾಪ್‌ಟಾಪಿಗೆ ಚುಚ್ಚಿ, ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿ. ಕೀ ಕೇಳಿದಾಗ ‘ನನ್ನ ಬಳಿ ಕೀ ಇಲ್ಲ’ ಎಂಬುದನ್ನು ಒತ್ತಿ, ಮೊದಲಿದ್ದ ಆವೃತ್ತಿಯನ್ನೇ, ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ, ಆರಿಸಿ. ಮುಗಿದು ಇಂಟರ್‌ನೆಟ್‌ಗೆ ಸೇರಿದ ಮೇಲೆ ತಾನಾಗಿಯೇ ಆ್ಯಕ್ಟಿವೇಟ್ ಆಗುತ್ತದೆ.

ಇದು ಹಿಂದೆ ವಿಂಡೋಸ್ 10 ಆ್ಯಕ್ಟಿವೇಟ್ ಆಗಿದ್ದ ಯಂತ್ರಗಳಿಗೆ. ವಿಂಡೋಸ್ 7 ಅಥವಾ 8ರಲ್ಲೇ ಉಳಿದಿದ್ದ ಯಂತ್ರಕ್ಕೆ ಹಳೆಯ ಕೀಯಲ್ಲಿ ಪುಕ್ಕಟೆ ಏರುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು.

ನಾನು ಸೂಚಿಸಿದ್ದು: ಡಿಸ್ಕನ್ನೇ ಬದಲಿಸಿ

ಗೆಳೆಯರ ಯಂತ್ರದಲ್ಲಿ ಇದ್ದದ್ದು ತಿರುಗುವ ಹಾರ್ಡ್ ಡಿಸ್ಕ್. ನಾವು ಅದನ್ನು ಬಿಚ್ಚಿ ತೆಗೆದು 256 ಜಿಬಿಯ ಹೊಸ ಎಸ್‌ಎಸ್‌ಡಿ ಹಾಕಿದೆವು. ಹಿಂಬದಿಯ ಕೆಲವು ತಿರುಪು, ಒಂದು ಸ್ಕ್ರೂಡ್ರೈವರ್, ಅರ್ಧ ಗಂಟೆ. ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದರೂ ವಿಂಡೋಸ್ ತಕರಾರು ಮಾಡಲಿಲ್ಲ. ಪೆನ್‌ಡ್ರೈವಿನಿಂದ ಹೊಸದಾಗಿ ಹಾಕಿದೆವು.

ಹೀಗೆ ಮಾಡಿದರೆ ಮೂರು ಲಾಭ. ಅಳಿಸುವ ತಲೆನೋವೇ ಇಲ್ಲ, ಏಕೆಂದರೆ ಹಳೆಯ ಡಿಸ್ಕ್ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಅದನ್ನು ಯುಎಸ್‌ಬಿ ಕೇಸಿಗೆ ಹಾಕಿದರೆ ಬ್ಯಾಕಪ್ಪಿನ ಇನ್ನೊಂದು ಪ್ರತಿಯೂ ಆಯಿತು. ಮತ್ತು ಹನ್ನೆರಡು ವರ್ಷದ ಯಂತ್ರ ಮೊದಲಿಗಿಂತ ಚುರುಕಾಗಿ ತೆರೆದುಕೊಳ್ಳುತ್ತದೆ.

ಲೆಕ್ಕ ಹೀಗಿದೆ. ಎಸ್‌ಎಸ್‌ಡಿ 85 ದಿರ್ಹಂ, ಪೆನ್‌ಡ್ರೈವ್ 20, ಕೇಸ್ 25. ಒಟ್ಟು 130 ದಿರ್ಹಂ. ದಿರ್ಹಂಗೆ 23 ರೂಪಾಯಿ ಎಂದು ಹಿಡಿದರೆ 2,990 ರೂಪಾಯಿ. ಅಕ್ಕನ ಮಗಳಿಗೆ 30,000 ರೂಪಾಯಿಯ ಹೊಸ ಲ್ಯಾಪ್‌ಟಾಪ್ ಕೊಡಿಸಬೇಕೆಂದಿದ್ದರು. 27,010 ರೂಪಾಯಿ ಉಳಿಯಿತು. ಇಲ್ಲಿ ಮಾರಿದ್ದರೆ ಬರುತ್ತಿದ್ದ 250 ದಿರ್ಹಂ, ಅಂದರೆ 5,750 ರೂಪಾಯಿ, ಕೈಬಿಟ್ಟಿತು ಎಂದು ಕಳೆದರೂ 21,260 ಉಳಿಕೆ. ಅದನ್ನು ಅವಳ ಹಾಸ್ಟೆಲ್ ಫೀಸಿಗೆ ತೆಗೆದಿಟ್ಟರು. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ರಿಟರ್ನ್ ಕೊಡುವ ಎಸ್‌ಐಪಿ ನಾನು ಕಂಡಿಲ್ಲ!

ಒಯ್ಯುವುದಕ್ಕೆ ಸಂಬಂಧಿಸಿ ಒಂದು ಮಾತು: ಭಾರತದ ಕಸ್ಟಮ್ಸ್ ನಿಯಮದಂತೆ 18 ವರ್ಷ ತುಂಬಿದ ಪ್ರಯಾಣಿಕರಿಗೆ ತಲಾ ಒಂದು ಲ್ಯಾಪ್‌ಟಾಪ್ ಸುಂಕವಿಲ್ಲ. ಎರಡು ಇದ್ದರೆ ಗಂಡ ಒಂದು, ಹೆಂಡತಿ ಒಂದು ಹಿಡಿದುಕೊಳ್ಳಿ. ಹ್ಯಾಂಡ್ ಬ್ಯಾಗಿನಲ್ಲೇ ಇರಲಿ.

ಮೊದಲೇ ಎಸ್‌ಎಸ್‌ಡಿ ಇದ್ದರೆ

ಎಸ್‌ಎಸ್‌ಡಿಯಲ್ಲಿ ಮೇಲೆ ಮೇಲೆ ಬರೆದು ಅಳಿಸುವ ಉಪಾಯ ಪೂರ್ತಿ ಸಾಲದು. ಅದು ತನ್ನೊಳಗೆ ಒಂದಷ್ಟು ಜಾಗವನ್ನು ಮೀಸಲಿಟ್ಟುಕೊಂಡಿರುತ್ತದೆ, ನಮ್ಮ ಬರಹ ಅಲ್ಲಿಗೆ ತಲುಪುವುದಿಲ್ಲ. ಡಿಸ್ಕ್ ತಯಾರಕರ ತಂತ್ರಾಂಶದಲ್ಲಿ ‘ಸೆಕ್ಯೂರ್ ಇರೇಸ್’ ಇದ್ದರೆ ಅದನ್ನು ಬಳಸಿ. ಅಥವಾ ಮೊದಲು ಇಡೀ ಡಿಸ್ಕನ್ನು ಗೂಢಲಿಪಿಗೆ ಬದಲಿಸಿ ಆಮೇಲೆ ರೀಸೆಟ್ ಮಾಡಿ. ಕೀ ನಾಶವಾದ ಮೇಲೆ ಉಳಿದ ಚೂರುಗಳು ಯಾರಿಗೂ ಓದಲು ಬರುವುದಿಲ್ಲ. ವಿಂಡೋಸಿನ ‘ಕ್ಲೀನ್ ಡೇಟಾ’ ಮನೆ ಬಳಕೆಗೆ ಸಾಕು, ಸರ್ಕಾರಿ ಅಥವಾ ಉದ್ಯಮದ ಮಾನದಂಡಕ್ಕೆ ಸಾಲದು ಎಂದು ಮೈಕ್ರೋಸಾಫ್ಟೇ ಹೇಳುತ್ತದೆ. ಕಂಪನಿಯ ಲ್ಯಾಪ್‌ಟಾಪ್ ಆಗಿದ್ದರೆ ನೀವು ಕೈಹಾಕಬೇಡಿ, ಐಟಿ ವಿಭಾಗಕ್ಕೆ ಒಪ್ಪಿಸಿ ಬರಹದಲ್ಲಿ ರಸೀದಿ ತೆಗೆದುಕೊಳ್ಳಿ.

ಎಷ್ಟು ದಿನ ಬಾಳುತ್ತದೆ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಮೈಕ್ರೋಸಾಫ್ಟ್ ಘೋಷಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಬಹುಪಾಲು 8ನೆಯ ತಲೆಮಾರು ಅಥವಾ ಅದರಿಂದೀಚಿನ ಪ್ರೊಸೆಸರ್ ಬೇಕು. 2013ರ ಯಂತ್ರಕ್ಕೆ ಆ ಅರ್ಹತೆ ಇಲ್ಲ.

ಹಾಗಾಗಿ ಗೆಳೆಯರಿಗೆ ಹೇಳಿದೆ: ಅಪ್‌ಡೇಟ್ ನಿಂತ ದಿನ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸಿ. ಎರಡೂ ಉಚಿತ, ಕನ್ನಡ ಟೈಪಿಂಗೂ ಬರುತ್ತದೆ, ಪಾಠ ಓದಲು ಬರೆಯಲು ಧಾರಾಳ ಸಾಕು. ಹುಡುಗಿಗೆ ಸರ್ಕಾರಿ ಪರೀಕ್ಷೆಗಾಗಿ ನುಡಿ ತಂತ್ರಾಂಶ ಕಲಿಯಬೇಕಿದ್ದರೆ ಮಾತ್ರ ವಿಂಡೋಸ್ ಬೇಕಾಗಬಹುದು. ಆಗ ಆ ಯಂತ್ರದಲ್ಲಿ ನೆಟ್‌ಬ್ಯಾಂಕಿಂಗ್ ಬೇಡ, ಅದು ಫೋನಿನಲ್ಲೇ ಇರಲಿ.

ಕೊಡುವ ದಿನದ ಪಟ್ಟಿ

• ಬ್ಯಾಕಪ್ ಎರಡು ಕಡೆ, ತೆರೆದು ನೋಡಿದ್ದು.
• ಮೈಕ್ರೋಸಾಫ್ಟ್, ಗೂಗಲ್ ಖಾತೆಗಳ ಸಾಧನಗಳ ಪಟ್ಟಿಯಿಂದ ಈ ಲ್ಯಾಪ್‌ಟಾಪ್ ತೆಗೆದದ್ದು.
• ಬ್ಯಾಂಕ್, ಬ್ರೋಕರ್ ತಾಣಗಳಲ್ಲಿ ‘ನಂಬಿಕೆಯ ಸಾಧನ’ ಎಂದು ಗುರುತಿಸಿದ್ದರೆ ರದ್ದು ಮಾಡಿದ್ದು.
• ಡಿವಿಡಿ ಟ್ರೇ, ಮೆಮೊರಿ ಕಾರ್ಡ್ ತೂತು, ಬ್ಯಾಗಿನ ಜೇಬು ನೋಡಿದ್ದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಅಲ್ಲೇ ಕೂತಿರುತ್ತದೆ.
• ಕೆಳಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ ಕಿತ್ತದ್ದು.
• ಹೊಸ ವಿಂಡೋಸಿನ ‘ನಮಸ್ಕಾರ’ ಪರದೆಯಲ್ಲೇ ನಿಲ್ಲಿಸಿ ಆಫ್ ಮಾಡಿದ್ದು. ಕೊಂಡವರು ತಮ್ಮ ಹೆಸರಿನಲ್ಲಿ ಶುರು ಮಾಡಿಕೊಳ್ಳಲಿ.

ಪೂರ್ತಿ ಕೆಟ್ಟುಹೋಗಿ ಆನ್ ಆಗದ ಯಂತ್ರವಾದರೂ ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಮಾತ್ರ ಇ-ತ್ಯಾಜ್ಯಕ್ಕೆ ಕೊಡಿ. ಯಂತ್ರ ಸತ್ತರೂ ಡಿಸ್ಕಿನೊಳಗಿನ ಸ್ಟೇಟ್‌ಮೆಂಟ್ ಬದುಕಿರುತ್ತದೆ.

ಒಂದು ಸಂಜೆ ವಿಂಗಡಣೆಗೆ, ಒಂದು ರಾತ್ರಿ ಅಳಿಸುವುದಕ್ಕೆ, ನೂರಿನ್ನೂರು ದಿರ್ಹಂ ಒಳಗಿನ ಖರ್ಚು. ಈ ವಾರಾಂತ್ಯ ಬೀರಿನ ಮೇಲಿನ ಆ ಹಳೆಯ ಬ್ಯಾಗನ್ನು ಇಳಿಸಿ, ಚಾರ್ಜರ್ ಹಚ್ಚಿ, ಡಿ ಡ್ರೈವಿನಲ್ಲಿ ಏನಿದೆ ಎಂದು ಒಮ್ಮೆ ನೋಡಿ. ಮಾರುವ ಯೋಚನೆ ಇಲ್ಲದಿದ್ದರೂ ಸರಿ. ಹಳೆಯ ಎನ್‌ಆರ್‌ಇ ಸ್ಟೇಟ್‌ಮೆಂಟುಗಳು ಕಂಡರೆ ಮೊದಲು ಅವುಗಳ ಪ್ರತಿ ಮಾಡಿಟ್ಟುಕೊಳ್ಳಿ.